ತನ್ನ ಪಾತ್ರ ತಾನೇ ಮಾಡಿದ ಹುಡುಗಿ

ಪ್ರೀತಿಯಲ್ಲಿ ಸೋತ ಹೀರೋ ಗಡ್ಡ ಬಿಟ್ಟು ಬಾಟಲಿ ಹಿಡಿದ್ರೆ ನಾವು ಶಿಳ್ಳೆ ಹೊಡೀತೀವಿ. ಹೋದ ಸೆಮಿಸ್ಟರ್‌ನಲ್ಲಿ ಗೆಳೆಯನೊಬ್ಬ ‘ಅವಳಿಗೋಸ್ಕರ ಕುಡೀತಿದೀನಿ ಮಚ್ಚಾ’ ಅಂದಾಗಲೂ ನಾವು ಮಾಡಿದ್ದು ಅಷ್ಟೇ. ಮೊಬೈಲ್‌ನಲ್ಲಿ ವಿರಹದ ಹಾಡು ಹಾಕಿ ನಕ್ಕಿದ್ವಿ. ಆಮೇಲೆ ‘ಹೆವನ್ ನೋಸ್ ವಾಟ್’ (2014) ಸಿನಿಮಾ ನೋಡಿದ್ವಿ.

ಇದರ ನಿರ್ದೇಶಕರು ಜೋಶ್ ಮತ್ತು ಬೆನ್ನಿ ಸಾಫ್ಡಿ ಸಹೋದರರು. ಇನ್ನೊಂದು ಸಿನಿಮಾದ ತಯಾರಿಗೆ ನ್ಯೂಯಾರ್ಕ್‌ನ ವಜ್ರದ ವ್ಯಾಪಾರಿಗಳ ಬೀದಿ ಸುತ್ತುತ್ತಿದ್ದ ಜೋಶ್‌ಗೆ ಏರಿಯಲ್ ಹೋಮ್ಸ್ ಸಿಕ್ಕಳು. ವಯಸ್ಸು ಹತ್ತೊಂಬತ್ತು, ಅಂದ್ರೆ ನಮ್ಮದೇ. ಇರೋಕೆ ಮನೆ ಇಲ್ಲ, ಹೆರಾಯಿನ್ ಚಟ ಬೇರೆ. ‘ನಿನ್ನ ಕಥೆ ಬರಿ’ ಅಂದರು. ಆಪಲ್ ಮಳಿಗೆಗಳಲ್ಲಿ ಗಿರಾಕಿಗಳು ನೋಡಲೆಂದು ಇಟ್ಟಿದ್ದ ಕಂಪ್ಯೂಟರ್‌ಗಳಲ್ಲೇ ಅವಳು ಬರೆದಳು. ಚಿತ್ರಕಥೆ ಹುಟ್ಟಿದ್ದು ಅದರಿಂದ. ನಾಯಕಿ ಹಾರ್ಲಿಯ ಪಾತ್ರ, ಅಂದರೆ ತನ್ನದೇ ಪಾತ್ರ, ಅವಳೇ ಮಾಡಿದಳು.

ಹಾರ್ಲಿಗೆ ಇಲ್ಯಾ ಮೇಲೆ ಹುಚ್ಚು ಪ್ರೀತಿ. ಅವನು ಎಷ್ಟು ಅವಮಾನ ಮಾಡಿದರೂ ಮತ್ತೆ ಅವನ ಹತ್ರಾನೇ ಹೋಗ್ತಾಳೆ. ಹೆರಾಯಿನ್ ಕೆಲಸ ಮಾಡೋದೂ ಹೀಗೇ. ಶುರುವಿನಲ್ಲಿ ಸುಖ ಕೊಡುತ್ತೆ. ದೇಹ ಒಗ್ಗಿಕೊಂಡ ಹಾಗೆ ಅದೇ ಸುಖಕ್ಕೆ ಹೆಚ್ಚು ಬೇಕು. ಕೊನೆಗೆ ಸುಖದ ಮಾತೇ ಇಲ್ಲ. ಬಿಟ್ಟರೆ ಆಗುವ ವಾಂತಿ, ನಡುಕ, ಮೈನೋವು ತಪ್ಪಿಸಿಕೊಳ್ಳೋಕೆ ತಗೋಬೇಕು. ಸಿನಿಮಾದಲ್ಲಿ ಪ್ರೀತಿ ಯಾವುದು, ಚಟ ಯಾವುದು ಅಂತ ಬೇರೆ ಮಾಡೋಕೇ ಆಗಲ್ಲ.

ಕ್ಯಾಮೆರಾ ಹೆಚ್ಚಾಗಿ ದೂರ ನಿಂತು, ಉದ್ದನೆಯ ಲೆನ್ಸ್‌ನಲ್ಲಿ ಮುಖಗಳನ್ನು ಹತ್ತಿರ ತರುತ್ತೆ. ನಡುವೆ ದಾರಿಹೋಕರು ಹಾದು ಹೋಗ್ತಾರೆ, ಯಾರೂ ಅವಳ ಕಡೆ ತಿರುಗಿ ನೋಡಲ್ಲ. ಇಲ್ಯಾ ಆಗಿ ಕೇಲೆಬ್ ಲ್ಯಾಂಡ್ರಿ ಜೋನ್ಸ್ ಎಂಬ ವೃತ್ತಿಪರ ನಟ ಇದ್ದಾರೆ. ಸುತ್ತ ಇರುವ ಹಲವರು ಬೀದಿಯ ಬದುಕು ಕಂಡವರೇ.

ಕೊನೆಯಲ್ಲಿ ಇಬ್ಬರೂ ಊರು ಬಿಡಲು ಬಸ್ ಹತ್ತುತ್ತಾರೆ. ಅವಳು ನಿದ್ದೆಯಲ್ಲಿದ್ದಾಗ ಅವನು ಇಳಿದು ಹೋಗ್ತಾನೆ. ಅವಳು ಮತ್ತೆ ಹಳೇ ಗೆಳೆಯರ ಟೇಬಲ್‌ಗೇ ವಾಪಸ್. ನೀತಿಪಾಠ ಇಲ್ಲ, ದೊಡ್ಡ ತ್ಯಾಗವೂ ಇಲ್ಲ. ಇದನ್ನ ಬದುಕಿದವಳೇ ಮುಂದೆ ನಿಂತಿರುವಾಗ ಶಿಳ್ಳೆ ಹೊಡೆಯೋಕೆ ನಮಗೆ ಮನಸ್ಸು ಬರಲಿಲ್ಲ.

ಚಿತ್ರೀಕರಣ ಮುಗಿದ ಮೇಲೆ ಏರಿಯಲ್ ಚಿಕಿತ್ಸೆಗೆ ಹೋದಳು. 2016ರ ‘ಅಮೆರಿಕನ್ ಹನಿ’ಯಲ್ಲೂ ನಟಿಸಿದಳು. ಯಾರೋ ಒಬ್ಬರು ನಿಂತು ಅವಳ ಕಥೆ ಕೇಳಿದ್ದರಿಂದ ಇಷ್ಟೆಲ್ಲ ಶುರುವಾಯ್ತು.

ನಾವೂ ಆ ಗೆಳೆಯನ ಪಕ್ಕ ಕೂತು ‘ಏನಾಯ್ತು ಹೇಳೋ’ ಅಂತ ಕೇಳಿದ್ವಿ. ಸ್ವಲ್ಪ ತಡವಾಗಿತ್ತು. ಆದ್ರೂ ಹೇಳಿದ.