ಆಸ್ಪತ್ರೆಯ ತ್ಯಾಜ್ಯ: ಬೇರ್ಪಡಿಸುವುದೇ ಮೊದಲ ಚಿಕಿತ್ಸೆ

ರೋಗ ಗುಣಪಡಿಸಲೆಂದು ಇರುವ ಸ್ಥಳವೇ ಮತ್ತೊಬ್ಬರ ರೋಗಕ್ಕೆ ಕಾರಣವಾಗಬಾರದು. ಆದರೆ ಚಿಕಿತ್ಸೆಯ ನಂತರ ಉಳಿಯುವ ಸೂಜಿ, ಹತ್ತಿ, ನಳಿಕೆ, ಬಾಟಲಿಗಳನ್ನು ಅಜಾಗರೂಕತೆಯಿಂದ ಎಸೆದರೆ ಆಗುವುದು ಅದೇ. 2009ರಲ್ಲಿ ಗುಜರಾತಿನ ಮೋಡಾಸಾ ಪಟ್ಟಣದ ಸುತ್ತಮುತ್ತ ಹೆಪಟೈಟಿಸ್-ಬಿ ಕಾಮಾಲೆ ಹರಡಿ ಅನೇಕರು ಪ್ರಾಣ ಕಳೆದುಕೊಂಡರು. ಒಬ್ಬರಿಗೆ ಬಳಸಿದ ಸಿರಿಂಜನ್ನು ಇನ್ನೊಬ್ಬರಿಗೆ ಬಳಸಿದ್ದೇ ಅದಕ್ಕೆ ಕಾರಣವೆಂದು ಕಂಡುಬಂದಿತು. ಒಮ್ಮೆ ಬಳಸಿದ ವಸ್ತು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಎಷ್ಟು ಗಂಭೀರವಾದುದು ಎಂಬುದನ್ನು ಆ ಘಟನೆ ದೇಶಕ್ಕೆಲ್ಲ ತೋರಿಸಿಕೊಟ್ಟಿತು.

ಆಸ್ಪತ್ರೆಯ ಕಸವೆಲ್ಲವೂ ಅಪಾಯಕಾರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದರಲ್ಲಿ ಶೇ. 85ರಷ್ಟು ಕಾಗದ, ರಟ್ಟು, ಊಟದ ಶೇಷ ಮುಂತಾದ ಸಾಮಾನ್ಯ ಕಸ. ಸೋಂಕು, ವಿಷ ಅಥವಾ ವಿಕಿರಣದ ಭಯವಿರುವುದು ಶೇ. 15ರಷ್ಟಕ್ಕೆ ಮಾತ್ರ. ಆದರೆ ರಕ್ತ ಅಂಟಿದ ಹತ್ತಿಯೊಂದು ಕಾಗದದ ಬುಟ್ಟಿಗೆ ಬಿದ್ದರೆ ಆ ಬುಟ್ಟಿಯೆಲ್ಲವೂ ಸೋಂಕಿನ ಕಸವಾಗುತ್ತದೆ. ಬೆರೆತದ್ದನ್ನು ಆಮೇಲೆ ಕೈಯಿಂದ ಬೇರ್ಪಡಿಸುವಂತಿಲ್ಲ. ಆದುದರಿಂದ ಎಲ್ಲವೂ ನಿರ್ಧಾರವಾಗುವುದು ರೋಗಿಯ ಹಾಸಿಗೆಯ ಪಕ್ಕದಲ್ಲಿ, ವಸ್ತು ಕೈಬಿಡುವ ಆ ಒಂದು ಕ್ಷಣದಲ್ಲಿ.

ನಮ್ಮ ದೇಶದಲ್ಲಿ ಇದಕ್ಕೆಂದು 1998ರಲ್ಲಿ ನಿಯಮಗಳು ಜಾರಿಗೆ ಬಂದವು. 2016ರಲ್ಲಿ ಅವುಗಳ ಬದಲಿಗೆ ಹೊಸ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು. ಇವುಗಳ ಪ್ರಕಾರ ತ್ಯಾಜ್ಯಕ್ಕೆ ನಾಲ್ಕು ಬಣ್ಣಗಳಿವೆ. ದೇಹದ ಭಾಗಗಳು, ರಕ್ತ ಅಂಟಿದ ಹತ್ತಿ ಹಾಗೂ ಬ್ಯಾಂಡೇಜು, ಅವಧಿ ಮೀರಿದ ಔಷಧಗಳು ಹಳದಿ ಚೀಲಕ್ಕೆ. ನಳಿಕೆ, ಸಲೈನ್ ಬಾಟಲಿ, ಸೂಜಿ ತೆಗೆದ ಸಿರಿಂಜು, ಕೈಗವಸುಗಳು ಕೆಂಪು ಚೀಲಕ್ಕೆ. ಸೂಜಿ, ಬ್ಲೇಡುಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಔಷಧದ ಗಾಜಿನ ಸೀಸೆಗಳು ನೀಲಿ ಡಬ್ಬಿಗೆ ಸೇರಬೇಕು. ಸಂಸ್ಕರಿಸದ ತ್ಯಾಜ್ಯವನ್ನು ಸಾಮಾನ್ಯವಾಗಿ 48 ಗಂಟೆಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ.

ಈ ಬಣ್ಣಗಳ ಹಿಂದೆ ಮರುಬಳಕೆಯ ವಿಚಾರವಿದೆ. ಹಳದಿ ಚೀಲದ ಬಹುಪಾಲು ದಹನಕ್ಕೆ ಹೋಗುತ್ತದೆ. ಕೆಂಪು ಚೀಲದ ಪ್ಲಾಸ್ಟಿಕ್ಕನ್ನು ಹಬೆಯ ಒತ್ತಡದಲ್ಲಿ ಕ್ರಿಮಿರಹಿತಗೊಳಿಸಿ, ಯಾರೂ ಮತ್ತೆ ಬಳಸಲಾಗದಂತೆ ಚೂರು ಮಾಡಿ, ಅಧಿಕೃತ ಮರುಬಳಕೆದಾರರಿಗೆ ಕೊಡಲಾಗುತ್ತದೆ. ಸ್ವಚ್ಛಗೊಳಿಸಿದ ಗಾಜು ಕೂಡ ಮರುಬಳಕೆಗೆ ಸಲ್ಲುತ್ತದೆ. ಕೆಂಪಿಗೆ ಸೇರಬೇಕಾದ ಪಿವಿಸಿ ಪ್ಲಾಸ್ಟಿಕ್ ತಪ್ಪಿ ಹಳದಿ ಚೀಲಕ್ಕೆ ಬಿದ್ದು ಸುಟ್ಟರೆ, ಡಯಾಕ್ಸಿನ್ ಎಂಬ ವಿಷ ಗಾಳಿಗೆ ಸೇರಬಹುದು. ಒಂದು ತಪ್ಪಿನಿಂದ ವಸ್ತುವೂ ನಷ್ಟ, ಗಾಳಿಯೂ ಮಲಿನ.

ಮರುಬಳಕೆಗಿಂತಲೂ ಮಿಗಿಲಾದುದು ಮಿತಬಳಕೆ. ಮಾತ್ರೆ ಸಾಕಾಗುವಲ್ಲಿ ಚುಚ್ಚುಮದ್ದನ್ನು ಕೇಳಿ ಪಡೆಯುವ ರೂಢಿ ನಮ್ಮಲ್ಲಿದೆ. ಅಂಥ ಪ್ರತಿಯೊಂದು ಚುಚ್ಚುಮದ್ದೂ ಒಂದು ಸೂಜಿ, ಒಂದು ಸಿರಿಂಜು, ಒಂದು ಸೀಸೆಯನ್ನು ಕಸಕ್ಕೆ ಸೇರಿಸುತ್ತದೆ. ಆಸ್ಪತ್ರೆಯ ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ-ಲೋಟಗಳನ್ನು ಬಳಸುವುದು, ಊಟದ ಶೇಷದಿಂದ ಗೊಬ್ಬರ ಅಥವಾ ಜೈವಿಕ ಅನಿಲ ತಯಾರಿಸುವುದು, ಪಾದರಸದ ಥರ್ಮಾಮೀಟರಿನ ಬದಲು ಡಿಜಿಟಲ್ ಥರ್ಮಾಮೀಟರ್ ಬಳಸುವುದು ಯಾವ ಸಂಸ್ಥೆಗೂ ಅಸಾಧ್ಯವಲ್ಲ.

ಭಕ್ತಬಾಂಧವರ ಪಾಲೂ ಇದರಲ್ಲಿದೆ. ರೋಗಿಯನ್ನು ನೋಡಲು ಹೋದಾಗ ಬಾಳೆಹಣ್ಣಿನ ಸಿಪ್ಪೆ, ಕಾಫಿ ಲೋಟಗಳನ್ನು ಬಣ್ಣದ ಚೀಲಗಳಿಗೆ ಹಾಕದೆ ಸಾಮಾನ್ಯ ಕಸದ ಬುಟ್ಟಿಗೆ ಹಾಕಬೇಕು. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಬಳಸಿದ ಸೂಜಿಯನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಭದ್ರಪಡಿಸಿ, ಹಸಿಕಸ-ಒಣಕಸಗಳಿಂದ ಪ್ರತ್ಯೇಕವಾಗಿ, ಹೇಳಿಯೇ ಕೊಡಬೇಕು. ಅವಧಿ ಮೀರಿದ ಮಾತ್ರೆಗಳನ್ನೂ ಬೇರೆಯಾಗಿಯೇ ಕೊಡಬೇಕು, ಚರಂಡಿಗೆ ಸುರಿಯಬಾರದು.

ನಾವು ಎಸೆದ ಚೀಲವನ್ನು ಎತ್ತುವುದು ಒಂದು ಕೈ. ಬೆಳಗಿನ ಜಾವವೇ ಎದ್ದು ಊರನ್ನು ಶುಚಿಯಾಗಿಡುವ ಪೌರಕಾರ್ಮಿಕರ, ವಾರ್ಡು ಗುಡಿಸುವ ತಾಯಂದಿರ ಕೈ ಅದು. ಕಾಯಕದಲ್ಲಿ ತೊಡಗಿದ ಆ ಕೈಗೆ ಸೂಜಿ ಚುಚ್ಚದಂತೆ ನೋಡಿಕೊಳ್ಳುವುದು ಆ ಕಾಯಕಕ್ಕೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.