ಬಣ್ಣಕ್ಕೆ ಮರುಳಾಗಬಾರದು: ಒಂದು ಹಳೆಯ ಎಂ.ಜಿ.ಬಿ. ಕಾರಿನ ವಿಚಾರ

ಕಳೆದ ತಿಂಗಳು ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಗೊಬ್ಬರದ ಲೆಕ್ಕ ಕೇಳಲು ಕಚೇರಿಗೆ ಬಂದವರು, ಅದನ್ನು ಬಿಟ್ಟು ಒಂದು ಕಾರಿನ ಚಿತ್ರವನ್ನು ನಮ್ಮ ಮೇಜಿನ ಮೇಲಿಟ್ಟರು. ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ಅವರ ಮಗ ಕೊಳ್ಳಬೇಕೆಂದಿರುವ ಕಾರು. 1971ರ ಎಂ.ಜಿ.ಬಿ.; ಎರಡೇ ಸೀಟು, ಮಡಚುವ ಟಾಪು, ಕಣ್ಣು ಕುಕ್ಕುವ ಕೆಂಪು ಬಣ್ಣ. ಪೂರ್ಣ ದುರಸ್ತಿಯಾಗಿ ಹೊಸದರಂತಿದೆ, ಮಾರಾಟಕ್ಕಿದೆ ಎಂದು ಜಾಹೀರಾತು.

"ಸೆಕ್ರೆಟರಿಗಳೇ, ಇವನ ಓದಿಗೆ ತೋಟದ ಮೇಲೆ ಎತ್ತಿದ ಸಾಲದ ಎರಡು ಕಂತು ಇನ್ನೂ ಬಾಕಿ. ಅವನೇ ಕಟ್ಟುತ್ತಿದ್ದಾನೆ. ಈಗ ಉಳಿಸಿದ ದುಡ್ಡನ್ನು ಇದಕ್ಕೆ ಹಾಕುತ್ತೇನೆ ಅನ್ನುತ್ತಾನೆ. ಹೂಂ ಅನ್ನಲೋ, ಬೇಡ ಅನ್ನಲೋ?" ಎಂದರು.

ಮೋಟಾರಿನ ಹುಚ್ಚು ನಮಗೆ ಕಾಲೇಜು ದಿನಗಳಿಂದಲೂ ಉಂಟು. ತಿಳಿದಷ್ಟನ್ನು ಅವರಿಗೆ ಹೇಳಿದೆವು. ಹೊರಗೆ ಮಕ್ಕಳಿರುವ ಇತರ ಸದಸ್ಯರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಕಾರಿನ ಹಿನ್ನೆಲೆ

ಎಂ.ಜಿ.ಬಿ. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾಯಿತು. 5 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಬಹುಪಾಲು ಅಮೆರಿಕಕ್ಕೆ ಹೋದವು. ಇದರ 1798 ಸಿ.ಸಿ. ಇಂಜಿನ್ನು ನಮಗೆ ತೀರಾ ಅಪರಿಚಿತವಲ್ಲ. ನಾವು ಬಹುಕಾಲ ಓಡಿಸಿದ ಅಂಬಾಸಿಡರ್ ಕಾರಿನ 1489 ಸಿ.ಸಿ. ಇಂಜಿನ್ನೂ ಇದೇ ಮನೆತನದ್ದು. ಸಾಮಾನ್ಯ ಮೆಕ್ಯಾನಿಕ್ಕನೂ ಬಿಚ್ಚಿ ಜೋಡಿಸಬಲ್ಲ ಸರಳ ಯಂತ್ರ. ಬಿಡಿಭಾಗಗಳಿಗೂ ಅಲ್ಲಿ ಕೊರತೆಯಿಲ್ಲ. 1988ರಿಂದ ಹಳೆಯ ಅಚ್ಚುಗಳಲ್ಲೇ ಇಡೀ ಬಾಡಿಯನ್ನು ಹೊಸದಾಗಿ ತಯಾರಿಸಿ ಕೊಡಲಾರಂಭಿಸಿದರು.

ಹುಳುಕು ಇರುವುದೆಲ್ಲಿ?

ಈ ಕಾರಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿಸ್ ಇಲ್ಲ. ಬಾಡಿಯೇ ಭಾರ ಹೊರಬೇಕು. ಮೇಲೆ ಗಟ್ಟಿ ಛಾವಣಿಯಿಲ್ಲದ್ದರಿಂದ, ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಪೆಟ್ಟಿಗೆಯಂಥ ತಗಡಿನ ತೊಲೆ, ಅಂದರೆ ಸಿಲ್, ಇದರ ಬೆನ್ನೆಲುಬು. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಉಪ್ಪುನೀರು ಸಿಲ್ಲಿನೊಳಗೆ ಸೇರಿ ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಅರೇಬಿಕಾ ಗಿಡದೊಳಗೆ ಕಾಂಡಕೊರಕ ಸೇರಿದಂತೆ. ಮೇಲೆ ಎಲೆ ಹಸುರಾಗಿದ್ದರೂ ಗಿಡ ಹೋಗಿರುತ್ತದೆ.

ಸರಿಯಾದ ದುರಸ್ತಿಯೆಂದರೆ ಮುಂದಿನ, ಹಿಂದಿನ ರೆಕ್ಕೆಗಳ ಕೆಳಭಾಗ ಕತ್ತರಿಸಿ, ಕೊಳೆತದ್ದನ್ನು ಪೂರ್ತಿ ತೆಗೆದು, ಹೊಸ ಸಿಲ್ ವೆಲ್ಡ್ ಮಾಡುವುದು. ಕೂಲಿಯನ್ನೆಲ್ಲ ಲೆಕ್ಕ ಹಾಕಿದರೆ ಅನೇಕ ವೇಳೆ ಕಾರಿನ ಮಾರಾಟದ ಬೆಲೆಯನ್ನೂ ಮೀರುತ್ತದೆ. ಅದಕ್ಕೇ ಕೆಲವರು ಕೊಳೆತದ್ದರ ಮೇಲೆ ಹೊಸ ತಗಡು ಹೊದಿಸಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಕೈತೊಳೆದುಕೊಳ್ಳುತ್ತಾರೆ.

ಕೊಳ್ಳುವ ಮುನ್ನ

ಒಂದು: ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಸಿಲ್ಲಿನುದ್ದಕ್ಕೂ ಹಿಡಿಯಬೇಕು. ಹಿಡಿಯದ ಕಡೆ ಪುಟ್ಟಿ ಇದೆಯೆಂದೇ ತಿಳಿಯಬೇಕು.

ಎರಡು: ಹಿಂಭಾಗಕ್ಕೆ ಜಾಕ್ ಕೊಟ್ಟು ಬಾಗಿಲಿನ ಸಂದು ನೋಡಬೇಕು. ಸಂದು ಬದಲಾದರೆ, ಬಾಗಿಲು ಬಿಗಿದುಕೊಂಡರೆ ಬೆನ್ನೆಲುಬಿನಲ್ಲಿ ಬಲವಿಲ್ಲ.

ಮೂರು: ಕೆಲಸ ನಡೆದಾಗಿನ ಚಿತ್ರಗಳನ್ನೂ ಬಿಲ್ಲುಗಳನ್ನೂ ಕೇಳಬೇಕು. ನಿಜವಾಗಿ ದುಡಿದವನು ಅವನ್ನು ಹೆಮ್ಮೆಯಿಂದ ತೋರಿಸುತ್ತಾನೆ. ಕಾರಿನ ಮೂಲ ಬಣ್ಣ, ತಯಾರಾದ ದಿನಾಂಕಗಳನ್ನು ಕಾರ್ಖಾನೆಯ ದಾಖಲೆಯಿಂದ ತೆಗೆದು ಗೇಡನ್ನಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಪ್ರಮಾಣಪತ್ರ ಕೊಡುತ್ತದೆ.

ಇನ್ನೊಂದು ಮಾತು. 40 ವರ್ಷ ಮೀರಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ ಬ್ರಿಟನ್ನಿನಲ್ಲಿ 2018ರಿಂದ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಆದ್ದರಿಂದ ಸರ್ಕಾರ ನೋಡಿದೆಯೆಂಬ ಭರವಸೆ ಬೇಡ, ಕೊಳ್ಳುವವನೇ ನೋಡಿಕೊಳ್ಳಬೇಕು.

ಅಡಿಕೆಯನ್ನು ಸೀಳಿ ನೋಡದೆ ನಾವ್ಯಾರೂ ದರ ಒಪ್ಪುವುದಿಲ್ಲ. ಇದೂ ಹಾಗೆಯೇ.

ಮುಂದೇನಾಯಿತು?

ತಂದೆ ಇದಿಷ್ಟನ್ನೂ ಮಗನಿಗೆ ಫೋನಿನಲ್ಲಿ ತಿಳಿಸಿದರು. ಎರಡು ವಾರದ ನಂತರ ಉತ್ತರ ಬಂತು. ಚಾಲಕನ ಬಾಗಿಲ ಕೆಳಗೆ ಒಂದು ಗೇಣಿನಷ್ಟು ಜಾಗದಲ್ಲಿ ಅಯಸ್ಕಾಂತ ಹಿಡಿಯಲಿಲ್ಲ. ಜಾಕ್ ಕೊಡಲು ಮಾರುವವನು ಬಿಡಲಿಲ್ಲ. ಹುಡುಗ ಮುಂಗಡ ಕೊಡದೆ ಹಿಂತಿರುಗಿದ.

"ಬೇಸರ ಮಾಡಿಕೊಂಡಿದ್ದಾನೆ. ಬೇಡ ಅಂತ ನಾನು ಹೇಳಲಿಲ್ಲ. ಕಂತು ತೀರಲಿ, ಬಣ್ಣ ಮಾಸಿದ್ದರೂ ಅಡ್ಡಿಯಿಲ್ಲ, ಗಟ್ಟಿಯಾದದ್ದು ನೋಡು ಮಗಾ ಅಂದೆ" ಎಂದರು ನಮ್ಮ ಸದಸ್ಯರು. ಆಮೇಲೆ ಗೊಬ್ಬರದ ಲೆಕ್ಕಕ್ಕೆ ಬಂದರು.