ತಾಳೆಗರಿಯ ಹೊಳಪು

ಜನಕಪುರಿಯ ದಿಲ್ಲಿ ಹಾಟ್‌ಗೆ ಹೋದದ್ದು ಉಪ್ಪಿನಕಾಯಿ ಜಾಡಿ ಕೊಳ್ಳಲು. ತಂದದ್ದು ಒಂದು ಬುಗುರಿ.

ಸಂಗೀತವನ್ನು ಮುಂದಿಟ್ಟುಕೊಂಡು 2014ರಲ್ಲಿ ತೆರೆದ ಸಂತೆ ಇದು. ಆದರೆ ಆ ದಿನ ನನ್ನ ಕಿವಿಗೆ ಬಿದ್ದದ್ದು ಹಾಡಲ್ಲ, "ಯಾವೂರು ಸಾರ್ ನಿಮ್ದು?" ಎಂಬ ಮಾತು. ಚನ್ನಪಟ್ಟಣದ ಗೊಂಬೆ ಮಳಿಗೆ. 2015ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರವಾಗಿ ದಿಲ್ಲಿಯ ರಾಜಪಥದಲ್ಲಿ ಸಾಗಿದ್ದ ಗೊಂಬೆಗಳೇ ಇಲ್ಲಿ ಹಲಗೆಯ ಮೇಲೆ ಕೂತಿದ್ದವು.

ಮಳಿಗೆಯವರು ಒಣಗಿದ ಎಲೆಯೊಂದನ್ನು ಎತ್ತಿ ತೋರಿಸಿದರು. ಕೇದಗೆ ಜಾತಿಯದು, ಅವರ ಬಾಯಲ್ಲಿ ತಾಳೆಗರಿ. ಆಲೆ ಮರದ ತುಂಡನ್ನು ಲೇತ್‌ನಲ್ಲಿ ಕಡೆಯುತ್ತಾರೆ, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಮೇಲಿಂದ ಗರಿ ತಿಕ್ಕಿದರೆ ಬಣ್ಣ ಸಮನಾಗಿ ಹರಡಿ ಕನ್ನಡಿಯಾಗುತ್ತದೆ. ಬ್ರಷ್ಷೂ ಇಲ್ಲ, ವಾರ್ನಿಷ್ಷೂ ಇಲ್ಲ. ಮಗು ಬಾಯಿಗಿಟ್ಟರೂ ಅಂಜಿಕೆಯಿಲ್ಲ ಎಂದರು. ಅರ್ಧ ಗಂಟೆ ನಾನು ಎಲೆಯನ್ನೇ ತಿರುವಿ ಹಾಕುತ್ತಿದ್ದೆ.

ಟಿಪ್ಪು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ ಕಥೆಯನ್ನೂ ಹೇಳಿದರು. ಅದರ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ; ಜಪಾನಿನ ಲೇತ್ ಕೆಲಸದಿಂದ ಕಲಿತು ಕಸುಬನ್ನು ಬೆಳೆಸಿದ ಬಾವಾಸ್ ಮಿಯಾ ಹೆಚ್ಚು ಇಷ್ಟ. ರಾಗಿ, ರೇಷ್ಮೆ, ತೆಂಗು, ಕಣ್ವ ಜಲಾಶಯ, ಮಳೂರಿನ ಅಪ್ರಮೇಯನ ಗುಡಿ ಎಲ್ಲ ಇರುವ ತಾಲ್ಲೂಕು ಚನ್ನಪಟ್ಟಣ. ಬೆಂಗಳೂರು–ಮೈಸೂರು ದಾರಿಯಲ್ಲಿ ನಾವು ಮಾತ್ರ ಗೊಂಬೆ ನೋಡಿ ಮುಂದೆ ಹೋಗುತ್ತೇವೆ.

ಮನೆಗೆ ಬಂದು ಮಗನ ಮರದ ರೈಲನ್ನು ಬುಗುರಿಯ ಪಕ್ಕ ಇಟ್ಟೆ. ಅದರ ಡಬ್ಬಿಯ ಮೇಲೆ ಚೀನಾದ ಯುನ್‌ಹೆ ಎಂದಿತ್ತು. ಜೆಜಿಯಾಂಗ್ ಪ್ರಾಂತ್ಯದ ಗುಡ್ಡಗಾಡು ಕೌಂಟಿ ಅದು, 1452ರಲ್ಲಿ ಮಿಂಗ್ ದೊರೆಗಳ ಕಾಲದಲ್ಲಿ ರಚನೆಯಾದದ್ದು. ಒಂಬತ್ತು ಪಾಲು ಬೆಟ್ಟ, ಅರ್ಧ ಪಾಲು ನೀರು, ಇನ್ನರ್ಧ ಗದ್ದೆ ಎನ್ನುವಂಥ ನೆಲ. ಬೆಟ್ಟದ ಮೈ ಕೊರೆದು ಮೆಟ್ಟಿಲು ಗದ್ದೆ ಮಾಡಿದ್ದಾರೆ. ಜೂನ್ ಮೊದಲ ದಿನಗಳಲ್ಲಿ ನಾಟಿಗೆ ಮುನ್ನ ಹಬ್ಬವೂ ಉಂಟು. ಒಂದು ಕಾಲಕ್ಕೆ ಬೆಳ್ಳಿ ಗಣಿಯೂ ಇತ್ತು. 1970ರ ದಶಕದಲ್ಲಿ ಶುರುವಾದ ಮರದ ಆಟಿಕೆಯ ಕಸುಬು ಇಂದು ಚೀನಾದ ಮರದ ಆಟಿಕೆಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಕೊಡುತ್ತದೆ. ಚನ್ನಪಟ್ಟಣದವರಿಗೆ ಸಂಕಟ ತಂದ ಚೀನಾ ಸರಕಿನಲ್ಲಿ ಇದರದ್ದೂ ಪಾಲಿರಬೇಕು.

ರೈಲಿನ ಬಣ್ಣ ನುಣುಪಾಗಿದೆ, ಒಪ್ಪಿದೆ. ಬೆರಳಿನಿಂದ ಉಜ್ಜಿ ನೋಡಿದೆ, ಬಿಸಿಯಾಗಲಿಲ್ಲ. ಬುಗುರಿಗೆ ದುಡ್ಡು ಕೊಟ್ಟಿದ್ದೆ. ತಾಳೆಗರಿಗೆ ಬೇಡ ಸಾರ್, ಇಟ್ಕೊಳ್ಳಿ ಎಂದಿದ್ದರು. ಅದೀಗ ನಿಘಂಟಿನ ನಡುವೆ ಇದೆ, ಕೇದಗೆಯ ಪುಟದಲ್ಲಿ.